ಕೊನೆಯ ಕಂತಿನಲ್ಲಿ ಸಾಯಬೇಕಾದವನು

ಸಫಿನಾಜ್ ಹತ್ತಿಗೆ ಸ್ಪಿರಿಟ್ ಸುರಿದು ಅವನ ಹುಬ್ಬಿನ ಮೇಲಿನ ಗಾಯವನ್ನು ಗಸಗಸ ಉಜ್ಜತೊಡಗಿದಳು. ಹಿಂದಿನ ದಿನದ ಮೇಕಪ್ ತೊಳೆಯದೆ ಹಾಗೇ ಬಂದು ಕುರ್ಚಿಯಲ್ಲಿ ಕೂರುವ ಸಣ್ಣಪುಟ್ಟ ನಟರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉಜ್ಜುತ್ತಲೇ ಬೈಯುತ್ತಿದ್ದಳು. ಈ ಗಾಯ ಮಾಡಿದವಳು ಯಾವಳೋ ಕೈಗೆ ಬಂದಂತೆ ಬಣ್ಣ ಮೆತ್ತಿದ್ದಾಳೆ, ನಿಜವಾದ ಗಾಯದ ಅಂಚು ಹೀಗಿರುತ್ತದೆಯೇ, ಕಣ್ಣು ಕಾಣದವರ ಕೈಗೆಲ್ಲ ಬ್ರಶ್ ಕೊಟ್ಟರೆ ಹೀಗೇ ಆಗುವುದು ಎಂದು ಒಂದೇ ಸಮ.

ಕುರ್ಚಿಯಲ್ಲಿದ್ದವನು ಮಿಸುಕಲಿಲ್ಲ. ಕಣ್ಣಿಂದ ನೀರು ಮಾತ್ರ ಇಳಿಯುತ್ತಿತ್ತು. ಹತ್ತಿ ಕೆಂಪಾಯಿತು, ಅವಳ ಬೆರಳೂ ಕೆಂಪಾಯಿತು. ಆ ಕೆಂಪು ಬೆಚ್ಚಗಿದೆ ಎಂದು ಗೊತ್ತಾದಾಗ ಅವಳ ಕೈ ಅಲ್ಲೇ ನಿಂತಿತು.

"ಮೇಡಂ, ಅದು ನಂದೇ," ಎಂದ ಅವನು. "ನಿನ್ನೆ ನಮ್ಮ ಗಲ್ಲೀಲಿ ಒಂದು ಮದುವೆ ಇತ್ತು. ಬಾಟ್ಲಿಲಿ ಹೊಡೆದಾಡ್ಕೊಂಡ್ರು."

"ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ಮೊದಲೇ ಹೇಳೋಕೆ ಏನಾಗಿತ್ತು?"

"ನೀವು ಬೈಯೋದು ಕೇಳೋಕೆ ಚೆನ್ನಾಗಿತ್ತು. ಮಧ್ಯೆ ಬಾಯಿ ಹಾಕಿದ್ರೆ ನಿಂತುಹೋಗುತ್ತೆ ಅಂತ ಸುಮ್ನೆ ಕೂತೆ."

ಅವಳು ಹಿಂದಿನಿಂದ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕನ್ನಡಿಯ ಕಡೆ ತಿರುಗಿಸಿದಳು. ಕನ್ನಡಿಯೊಳಗೆ ಅವನು ಅವಳನ್ನೇ ನೋಡುತ್ತಿದ್ದ, ಒಂದು ಕಣ್ಣು ಊದಿಕೊಂಡಿತ್ತು, ಇನ್ನೊಂದು ನಗುತ್ತಿತ್ತು. ಮೂವತ್ತು ದಾಟಿದ, ಒಂದು ಮದುವೆ ಮುರಿದುಕೊಂಡು ತಾಯಿಯ ಜೊತೆ ಕೈರೋದ ಶುಬ್ರಾ ಬಡಾವಣೆಯ ನಾಲ್ಕನೇ ಮಹಡಿಯ ಮನೆಯಲ್ಲಿರುವ ಹೆಂಗಸು ತಾನು, ಇಂಥ ನಗೆಗೆಲ್ಲ ಸೋಲುವ ಕಾಲ ಹೋಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಆ ಮಧ್ಯಾಹ್ನ ಡೈರೆಕ್ಟರ್ ಶೌಕತ್ ಆ ಗಾಯವನ್ನು ಹತ್ತಿರದಿಂದ ನೋಡಿ, ಇಷ್ಟು ವರ್ಷದಲ್ಲಿ ನೀನು ಮಾಡಿದ ಅತ್ಯುತ್ತಮ ಕೆಲಸ ಇದು ಎಂದು ಹೊಗಳಿದ. ಅವಳು ತೆಪ್ಪಗೆ ಹೊಗಳಿಕೆ ತೆಗೆದುಕೊಂಡಳು.

ಅವನ ಹೆಸರು ಖಲಫ್. ಆಗ ಅವನು ಮೂರನೇ ಕಂತಿನಲ್ಲಿ ಸಾಯುವ ಪುಂಡ. ಯಾವ ಧಾರಾವಾಹಿಯಾದರೂ ಅಷ್ಟೇ. ಚಾಕು ಹಿಡಿದು ಬರಬೇಕು, ನಾಯಕನ ಕೈಯಲ್ಲಿ ಒದೆ ತಿನ್ನಬೇಕು, ಸಾಯಬೇಕು.

ಒದೆ ತಿನ್ನುವುದನ್ನು ಅವನು ಕಲಿತದ್ದು ಕೈರೋದ ದಕ್ಷಿಣಕ್ಕಿರುವ ಇಟ್ಟಿಗೆ ಗೂಡುಗಳಲ್ಲಿ. ಅಪ್ಪ ಅಲ್ಲಿ ಇಟ್ಟಿಗೆ ಹೊರುತ್ತಿದ್ದ, ಮಗ ಕತ್ತೆಗಾಡಿಗೆ ಜೋಡಿಸುತ್ತಿದ್ದ. ಮೇಸ್ತ್ರಿಯ ನಡಿಗೆ, ಕೆಮ್ಮು, ಬೈಗುಳ ಎಲ್ಲವನ್ನೂ ಅಣಕಿಸಿ ಕೂಲಿಗಳನ್ನು ನಗಿಸುವುದು ಹುಡುಗನ ಚಾಳಿ. ಸಿಕ್ಕಿಬಿದ್ದರೆ ರಬ್ಬರ್ ಪೈಪಿನಿಂದ ಬೆನ್ನಿಗೆ ಬೀಳುತ್ತಿತ್ತು. ಏಟು ಬೀಳುವ ಮೊದಲೇ ಮೈ ಸಡಿಲ ಬಿಡಬೇಕು, ಬಿದ್ದ ಕೂಡಲೇ ಕೂಗಬಾರದು, ಒಂದು ಉಸಿರು ಕಾದು ಆಮೇಲೆ ಕೂಗಿದರೆ ಹೊಡೆಯುವವನಿಗೇ ಭಯವಾಗುತ್ತದೆ ಎಂಬುದೆಲ್ಲ ಅವನಿಗೆ ಮೀಸೆ ಮೂಡುವ ಮೊದಲೇ ಗೊತ್ತಿತ್ತು. ಆಮೇಲೆ ಅವರು ನಗರದೊಳಗಿನ ಇಂಬಾಬಾ ಗಲ್ಲಿಗಳಿಗೆ ಬಂದರು. ಒಂದು ದಿನ ಶೂಟಿಂಗಿಗೆ ಪುಂಡರು ಬೇಕೆಂದು ಯಾರೋ ಗಲ್ಲಿಯ ಹುಡುಗರನ್ನು ಲಾರಿಗೆ ತುಂಬಿಸಿಕೊಂಡು ಹೋದಾಗ ಖಲಫ್ ಕೂಡ ಹತ್ತಿದ. ನಾಯಕನ ಒಂದು ಗುದ್ದಿಗೆ ಅವನು ಮೆಟ್ಟಿಲ ಮೇಲಿಂದ ಉರುಳಿದ್ದನ್ನು ನೋಡಿ ಕ್ಯಾಮೆರಾದವನು ಕೆಲಸ ಬಿಟ್ಟು ಓಡಿ ಬಂದನಂತೆ.

ಆ ಕುರ್ಚಿಯಲ್ಲಿ ಅವನ ಮುಖಕ್ಕೆ ಸಾವು ಬಳಿಯುತ್ತ ಬಳಿಯುತ್ತ ಸಫಿನಾಜ್ ಆ ಮುಖವನ್ನು ಬಾಯಿಪಾಠ ಮಾಡಿಕೊಂಡುಬಿಟ್ಟಳು. ಅವನು ಹರಟುತ್ತಿದ್ದ, ಅವಳು ಗದರುತ್ತಿದ್ದಳು. ತುಟಿಯ ಬಳಿ ಬಣ್ಣ ಹಚ್ಚುವಾಗ ಮಾತ್ರ ಅವನು ಬೇಕೆಂದೇ ಮಾತು ನಿಲ್ಲಿಸುತ್ತಿದ್ದ. ಆಗ ಅವಳ ಬ್ರಶ್ ಅದೇ ಜಾಗಕ್ಕೆ ಮತ್ತೆ ಮತ್ತೆ ಬಣ್ಣ ಹಚ್ಚುತ್ತಿತ್ತು. ಅದು ಅವನಿಗೆ ಗೊತ್ತಾಗುತ್ತಿತ್ತು, ಗೊತ್ತಾಗಿದೆ ಎಂದು ಅವಳಿಗೂ ಗೊತ್ತಾಗುತ್ತಿತ್ತು.

ಮದುವೆಯ ಮಾತು ಎತ್ತಿದ ದಿನವೇ ಅವನು ಅವಳಿಗೆ ನಿಜ ಹೇಳಿದ. ಅವನ ಅಪ್ಪ ದೂರದ ದಕ್ಷಿಣದಲ್ಲಿ, ಸೊಹಾಗ್ ಕಡೆಯ ಊರಿನಲ್ಲಿ ಹೊಲಕ್ಕೆ ನೀರು ಹಾಯಿಸುವ ಸರದಿಗಾಗಿ ಜಗಳವಾಡಿ ಫವ್ವಾಜ್ ಎಂಬವನನ್ನು ಗುದ್ದಲಿಯಿಂದ ಕಡಿದು ಕೊಂದಿದ್ದ. ರಾತ್ರೋರಾತ್ರಿ ಹೆಂಡತಿಯನ್ನೂ ಕೂಸು ಖಲಫ್‌ನನ್ನೂ ಕಟ್ಟಿಕೊಂಡು ಓಡಿ ಬಂದವನು ಗೂಡಿನ ದೂಳು ಕುಡಿದು ಕೆಮ್ಮಿ ಕೆಮ್ಮಿ ಹಾಸಿಗೆಯಲ್ಲೇ ಸತ್ತ. ಅಲ್ಲಿಗೆ ಲೆಕ್ಕ ಮುಗಿಯಲಿಲ್ಲ. ಸೇಡು ತೀರುವವರೆಗೆ ಆ ಮನೆಯವರು ಸತ್ತವನ ಶೋಕಕ್ಕೆ ಕೂರುವುದಿಲ್ಲ, ಸಂತಾಪ ಹೇಳಲು ಬಂದವರನ್ನು ಒಳಗೆ ಬಿಡುವುದಿಲ್ಲ, ಶೋಕದ ದಿನ ಕುಡಿಯಬೇಕಾದ ಸಕ್ಕರೆಯಿಲ್ಲದ ಕಾಫಿಯನ್ನು ಕುಡಿಯುವುದಿಲ್ಲ. ಫವ್ವಾಜ್‌ನ ತಾಯಿ ಮಬ್ರೂಕಾ ಮಗನಿಗಾಗಿ ಇನ್ನೂ ಒಂದು ಹನಿ ಕಣ್ಣೀರು ಹಾಕಿಲ್ಲವಂತೆ.

"ಹಾಗಾದ್ರೆ ಇಷ್ಟು ವರ್ಷ ನಿನ್ನ ಯಾಕೆ ಬಿಟ್ಟಿದ್ದಾರೆ?" ಎಂದು ಕೇಳಿದಳು. ಅಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು.

"ನಮ್ಮ ಕಡೆಯವರು ಸೇಡಿಗೆ ಕೊಲೆಗಾರನ ಮನೆಯ ಒಳ್ಳೇ ಗಂಡಸನ್ನೇ ತೆಗೀತಾರೆ, ಸಫಿ. ಕೆಲಸಕ್ಕೆ ಬಾರದವನ್ನ ಕೊಂದ್ರೆ ಅವರಿಗೇ ಅವಮಾನ. ನಾನು ಮೂರನೇ ಕಂತಲ್ಲಿ ಸಾಯ್ತಾ ಇರೋವರೆಗೂ ನನ್ನ ಆಯಸ್ಸು ಗಟ್ಟಿ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಆ ವರ್ಷದ ರಂಜಾನ್ ತಿಂಗಳಿಡೀ ದಿನಕ್ಕೊಂದು ಕಂತು ಬರುವ ಧಾರಾವಾಹಿಯಲ್ಲಿ ಶೌಕತ್ ಅವನಿಗೆ ದೊಡ್ಡ ಪಾತ್ರ ಕೊಟ್ಟ. ಸಗಟು ಮಾರುಕಟ್ಟೆಯ ಹಮಾಲಿ, ಪುಂಡರಿಗೆ ಮಾಮೂಲು ಕೊಡುವುದಿಲ್ಲ ಎಂದು ಎದ್ದು ನಿಂತವನು. ಪ್ರತಿ ಕಂತಿನಲ್ಲೂ ಅವನನ್ನು ಬಡಿಯುತ್ತಾರೆ, ಪ್ರತಿ ಕಂತಿನಲ್ಲೂ ಅವನು ಏಳುತ್ತಾನೆ. ಸರಪಳಿ, ದೊಣ್ಣೆ, ಮಂಜುಗಡ್ಡೆ ಎಳೆಯುವ ಕೊಕ್ಕೆ, ಯಾವುದನ್ನೂ ಬಿಡಲಿಲ್ಲ. ಖರ್ಜೂರ ಬಾಯಿಗಿಟ್ಟುಕೊಂಡು ಉಪವಾಸ ಬಿಡುವ ಹೊತ್ತಿಗೆ ಮನೆಮನೆಯಲ್ಲಿ ಅದೇ ಮುಖ. ಹತ್ತು ದಿನ ತುಂಬುವಷ್ಟರಲ್ಲಿ ಮೇಲ್ಸೇತುವೆಯ ಉದ್ದಕ್ಕೂ ಅವನ ಪೋಸ್ಟರ್ ಎದ್ದಿತ್ತು. ಕೊನೆಯ ಕಂತಿನಲ್ಲಿ ಹಮಾಲಿ ಸಾಯಬೇಕೆಂದು ಬರೆದಿತ್ತು. ಜನರ ಹುಚ್ಚು ನೋಡಿ ಶೌಕತ್ ಅದನ್ನು ಬದಲಾಯಿಸಿದ. ಹಮಾಲಿ ಬದುಕುತ್ತಾನೆ, ಮಾರುಕಟ್ಟೆಯ ನಡುವೆಯೇ ಅವನ ಮದುವೆಯ ಮೆರವಣಿಗೆ. ಸುದ್ದಿ ಪತ್ರಿಕೆಗಳಲ್ಲೂ ಬಂತು.

ಖಲಫ್ ಕುಣಿದಾಡಿದ. ಇದುವರೆಗೂ ಒಂದು ಪಾತ್ರದಲ್ಲೂ ಅವನು ಕೊನೆಯವರೆಗೆ ಉಳಿದಿರಲಿಲ್ಲ. ಈದ್ ಕಳೆದ ಮೇಲೆ ನಮ್ಮದೂ ಮದುವೆ ಎಂದು ಸಫಿನಾಜಳ ತಾಯಿಗೆ ಮಾತು ಕೊಟ್ಟ. ಸಫಿನಾಜ್ ಮಾತ್ರ ಮೇಲ್ಸೇತುವೆಯ ಕೆಳಗೆ ಹೋಗುವಾಗಲೆಲ್ಲ ಆ ಪೋಸ್ಟರನ್ನು ಹರಿದು ಹಾಕಬೇಕೆನಿಸಿ ಹಲ್ಲು ಕಚ್ಚುತ್ತಿದ್ದಳು. ಅವನು ಈಗ ಮನೆಯ ಒಳ್ಳೇ ಗಂಡಸಾಗಿಬಿಟ್ಟಿದ್ದ.

ಒಂದು ಸಂಜೆ ಇಫ್ತಾರಿಗೆ ಅವನು ಅವಳ ಮನೆಗೆ ಬರಬೇಕಿತ್ತು. ಅವಳು ಬಾಲ್ಕನಿಯಲ್ಲಿ ಕಾಯುತ್ತಿದ್ದಳು. ಬಾಂಗ್ ಕೂಗುವ ಹೊತ್ತು, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಖಲಫ್ ಕುನಾಫ ಸಿಹಿಯ ಪೊಟ್ಟಣ ಹಿಡಿದು ಕಾರಿನಿಂದ ಇಳಿದು ತಲೆ ಎತ್ತಿ ಅವಳನ್ನು ಹುಡುಕಿದ. ಹಳ್ಳಿಯವರ ಅಗಲ ತೋಳಿನ ನಿಲುವಂಗಿ ತೊಟ್ಟ ಯುವಕನೊಬ್ಬ ಬಂದು ಫೋನ್ ತೋರಿಸಿ ಫೋಟೋ ಕೇಳಿದ. ಖಲಫ್ ಯಾವಾಗಲೂ ಮಾಡುವಂತೆ ಅವನ ಹೆಗಲ ಮೇಲೆ ಕೈ ಹಾಕಿ, ತಲೆ ಬಗ್ಗಿಸಿ ನಕ್ಕ.

ಚಾಕು ಅಗಲ ತೋಳಿನೊಳಗಿಂದ ಬಂತು.

ಮೊದಲ ಇರಿತ ಹೊಟ್ಟೆಯ ಪಕ್ಕಕ್ಕೆ ಹೋಯಿತು. ಸಫಿನಾಜ್ ಕಿರುಚಲಿಲ್ಲ. ಕಟ್ಟೆಯ ಮೇಲೆ ತಣ್ಣಗಾಗಲಿ ಎಂದಿಟ್ಟಿದ್ದ ನೀರಿನ ಮಣ್ಣಿನ ಹೂಜಿಯನ್ನು ಎತ್ತಿ ನಾಲ್ಕು ಮಹಡಿ ಕೆಳಕ್ಕೆ ಬೀಸಿ ಒಗೆದಳು. ಅದು ಆ ಯುವಕನ ಹೆಗಲ ಮೇಲೆ ಬಿದ್ದು ಒಡೆಯಿತು. ಎದೆಗೆ ಎತ್ತಿದ್ದ ಎರಡನೇ ಇರಿತ ತಪ್ಪಿ ಖಲಫ್‌ನ ತೋಳು ಸೀಳಿತು. "ನಾ ಫವ್ವಾಜ್‌ನ ಮಗ ಬದ್ರಾನ್," ಎಂದು ಅವನು ಮುರಿದ ಹೆಗಲು ಹಿಡಿದುಕೊಂಡು ಕೂಗಿದ, "ಇದು ಮುಗಿದಿಲ್ಲ." ಅವಳು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವನಿರಲಿಲ್ಲ. ಖಲಫ್ ಗೋಡೆಗೆ ಒರಗಿ ಕೂತಿದ್ದ. ಕರುಳು ಹೊರಬರದಂತೆ ಕೈ ಅದುಮಿಕೊಂಡಿದ್ದ, ಬೆರಳ ಸಂದಿಯಿಂದ ರಕ್ತ ಹರಿದು ಕುನಾಫದ ಪೊಟ್ಟಣ ನೆನೆಯುತ್ತಿತ್ತು. ಅವಳು ತಲೆಯ ಬಟ್ಟೆ ಬಿಚ್ಚಿ ಗಾಯಕ್ಕೆ ಒತ್ತಿ, ಸಾಯ್ಬೇಡ ಸಾಯ್ಬೇಡ ಎಂದು ಅವನ ಕೆನ್ನೆಗೆ ಹೊಡೆಯುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗ ಅವನು ಶೂಟಿಂಗಿನಲ್ಲಿ ಆದ ಅಪಘಾತ ಎಂದ. ಅವನ ಕಡೆಯವರು ಇಂಥದ್ದನ್ನು ಸರ್ಕಾರದ ಬಾಯಿಗೆ ಹಾಕುವುದಿಲ್ಲ. ಹೊಲಿಗೆ ಹಾಕಿಸಿಕೊಂಡು, ಇನ್ನು ನಾಲ್ಕು ದಿನ ಬಿಟ್ಟು ಸೆಟ್ಟಿಗೆ ಹೋಗುತ್ತೇನೆ ಎಂದು ಹಟ ಹಿಡಿದ. ಅವಳು ಅವನಿಗೆ ಏನೂ ಹೇಳದೆ ಸೊಹಾಗಿಗೆ ಹೋಗುವ ಬೆಳಗಿನ ರೈಲು ಹತ್ತಿದಳು. ಗಂಡಸು ಹೋಗಿದ್ದರೆ ಊರಿನ ಗಡಿಯಲ್ಲೇ ಹೆಣವಾಗುತ್ತಿದ್ದ. ಹೆಂಗಸನ್ನು ತಡೆಯುವವರಿಲ್ಲ, ಅದೂ ಉಪವಾಸ ಬಿಡುವ ಹೊತ್ತಿಗೆ ಬಾಗಿಲಿಗೆ ಬಂದವಳನ್ನು.

ಮಬ್ರೂಕಾ ಅಜ್ಜಿ ಟೀವಿಯ ಮುಂದೆ ಕೂತಿದ್ದಳು. ಕಪ್ಪು ಬಟ್ಟೆ, ಮೊಣಕಾಲ ಮೇಲೆ ಒಣಗಿದ ಕೈ. ಟೀವಿಯಲ್ಲಿ, ವಾರದ ಹಿಂದೆ ಶೂಟ್ ಮಾಡಿದ ಕಂತು. ಖಲಫ್‌ನನ್ನು ತರಕಾರಿ ಚೀಲಗಳ ನಡುವೆ ಕೆಡವಿಕೊಂಡು ನಾಲ್ವರು ಸರಪಳಿಯಿಂದ ಬಾರಿಸುತ್ತಿದ್ದರು. ಒಂದೊಂದು ಏಟಿಗೂ ಅಜ್ಜಿಯ ತುಟಿ ಅಲುಗುತ್ತಿತ್ತು. ಹತ್ತಿರ ಹೋದಾಗ ಸಫಿನಾಜ್‌ಗೆ ಕೇಳಿಸಿತು.

"ಇನ್ನೊಂದು ಕೊಡು. ಇನ್ನೊಂದು."

ಆಮೇಲೆ ಅಜ್ಜಿ ತಿರುಗಿ ನೋಡಿದಳು. "ಯಾರವ್ವಾ ನೀ?"

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಸುಳ್ಳುಗಳೆಲ್ಲ ಗಂಟಲಲ್ಲೇ ಸತ್ತವು. "ಅವನ ಮುಖಕ್ಕೆ ಆ ರಕ್ತ ಹಚ್ಚೋಳು ನಾನು, ಅಜ್ಜಿ. ಅವನನ್ನ ಮದುವೆ ಆಗೋಳು ಕೂಡ."

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಚಲೋ ಹಚ್ಚತಿ. ಕುಂದ್ರು. ಖಜೂರ ತಗೋ."

ಸಫಿನಾಜ್ ಕೂತಳು. ಆ ಮುಖವನ್ನು ಕಂಡರೆ ಆಗದವರು ಟೀವಿ ಯಾಕೆ ಹಾಕುತ್ತೀರಿ ಎಂದು ಕೇಳಿದಳು.

"ಅವರಪ್ಪಂದೂ ಇದ ಮಾರಿ, ಇದ ಹುಬ್ಬು. ನನ್ನ ಮಗನ್ನ ಗುದ್ದಲೀಲೆ ಕಡದು ಹೋದಾಂವ ಹಾಸಿಗೀ ಮ್ಯಾಲೆ ಆರಾಮ ಸತ್ತ. ಅಂವಾ ಸಾಯೋದು ನನ್ನ ಕಣ್ಣಿಗೆ ಸಿಗಲಿಲ್ಲ. ಈಗ ದಿನಾ ಸಂಜೀ ಮುಂದ ಆ ಮಾರೀ ಮ್ಯಾಲೆ ಬಡೀತಾರ, ನಾ ನೋಡ್ತೀನಿ. ಉಂಡದ್ದು ಗಂಟಲದಾಗ ಇಳೀತದ."

"ಅಷ್ಟೇ ಸಾಕು ಅನ್ನಿಸಿದ್ರೆ ಮೊಮ್ಮಗನ ಕೈಗೆ ಚಾಕು ಯಾಕೆ ಕೊಟ್ರಿ?"

ಅಜ್ಜಿಯ ಕೈಯಲ್ಲಿದ್ದ ಲೋಟ ನಿಂತಿತು. ಅವಳಿಗೆ ಗೊತ್ತಿರಲಿಲ್ಲ. ಹೆಗಲು ಹೇಗೆ ಮುರಿಯಿತು ಎಂದು ಕೇಳಿದ್ದಕ್ಕೆ ಕತ್ತೆಯ ಮೇಲಿಂದ ಬಿದ್ದೆ ಎಂದಿದ್ದನಂತೆ. ಬದ್ರಾನ್‌ನನ್ನು ಕರೆದಳು. ಅವನು ಬಂದು ಸಫಿನಾಜಳನ್ನು ಕಂಡವನೇ ಬಿಳಚಿಕೊಂಡ. ಅಜ್ಜಿ ಎದ್ದು ಅವನ ಕೆನ್ನೆಗೆ ಬಾರಿಸಿದಳು, ಆ ವಯಸ್ಸಿನ ಕೈಯಲ್ಲಿ ಅಷ್ಟು ಬಲ ಇರುತ್ತದೆಂದು ನಂಬಲಾಗದಂತೆ.

"ಕೊನೀ ಕಂತಿನಾಗ ಅಂವಾ ಸಾಯೂದಿಲ್ಲಂತ ಅಜ್ಜಿ," ಎಂದ ಅವನು, ಕೆನ್ನೆ ಮುಟ್ಟಿಕೊಳ್ಳದೆ. "ಪೇಪರಿನ್ಯಾಗ ಬಂದದ. ಬದುಕ್ತಾನಂತ, ಲಗ್ನಾ ಮಾಡ್ಕೋತಾನಂತ. ಆ ಮಾರಿ ಮದುಮಗಾ ಆಗಿ ಕುಣಿಯೂದನ್ನ ನೀ ಹೆಂಗ ನೋಡ್ತೀ ಅಂತ ಹೋದೆ."

ಅಜ್ಜಿ ನಿಧಾನವಾಗಿ ಕೂತಳು. ಬಹಳ ಹೊತ್ತು ಪರದೆಯನ್ನೇ ನೋಡಿದಳು. ಅಲ್ಲಿ ಖಲಫ್ ರಕ್ತ ಉಗುಳಿ ಮತ್ತೆ ಎದ್ದು ನಿಲ್ಲುತ್ತಿದ್ದ.

"ಸಾಯಲಿ," ಎಂದಳು ಕೊನೆಗೆ. "ಅದರಾಗ ಸಾಯಲಿ. ಊರು ನೋಡಲಿ, ನಾ ನೋಡ್ತೀನಿ. ಆಮ್ಯಾಲೆ ಬಾಗಲಾ ತೆಗೀತೀನಿ, ಮಗನ ಹೆಸರಿನ ಕಾಫಿ ಕುಡೀತೀನಿ."

ಅದೆಲ್ಲ ಸುಳ್ಳು, ನಾಟಕ ಎಂದು ಬದ್ರಾನ್ ತಡೆಯಲು ಹೋದ.

"ನಾಟಕ ಯಾವುದು, ಖರೆ ಯಾವುದು ನನಗ ಗೊತ್ತದ. ಖರೆ ಹೆಣ ಒಂದು ತೊಳದೀನಿ ಈ ಕೈಲೆ. ನಿಮ್ಮಪ್ಪ ಸತ್ತಾಗ ನೀ ಹೊಟ್ಟ್ಯಾಗ ಇದ್ದಿ. ಉಳದಾಂವ ನೀ ಒಬ್ಬಾಂವ. ನೀ ಅವನ್ನ ಕೊಂದ್ರ ನಿನ್ನ ಗಲ್ಲಿಗೆ ಹಾಕ್ತಾರ. ನಿನ್ನ ಹೆಣಾ ಯಾರು ತೊಳೀಬೇಕು?"

ಬದ್ರಾನ್ ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ತಾಯಿಯಾದವಳು ಕಾಫಿ ಕುಡಿದಳೆಂದರೆ ಆ ಮನೆಯ ಗಂಡಸರು ಮತ್ತೆ ಚಾಕು ಎತ್ತುವಂತಿಲ್ಲ. ಅದು ಅವನಿಗೂ ಗೊತ್ತಿತ್ತು.

ಮರುದಿನ ಸಂಜೆ ಆಸ್ಪತ್ರೆಯ ಮಂಚದ ಪಕ್ಕ ನಿಂತು ಎಲ್ಲ ಹೇಳಿದಾಗ ಖಲಫ್ ಮೊದಲು ಅವಳ ಮೇಲೆ ಹರಿಹಾಯ್ದ. ಹೇಳದೆ ಕೇಳದೆ ಹೋಗಿ ಕೊರಳು ಕೊಯ್ಯಿಸಿಕೊಂಡಿದ್ದರೆ ಏನು ಗತಿ ಎಂದ. ಆಮೇಲೆ ಆಗುವುದಿಲ್ಲ ಎಂದ.

"ಬದುಕಿದ್ದಷ್ಟು ಕಾಲ ಸತ್ತಿದ್ದೇ ಆಯ್ತು ಸಫಿ. ಗೂಡಿನ ಕೂಲಿಯವರೆಲ್ಲ ಒಂದೇ ಟೀವಿ ಮುಂದೆ ಕೂತು ನೋಡ್ತಿದಾರೆ. ನಮ್ಮವನೊಬ್ಬ ಒದೆ ತಿಂದೂ ಗೆದ್ದ ಅಂತ ಅವರಿಗೆ ಒಂದ್ಸಲ ತೋರಿಸ್ತೀನಿ. ಇದೊಂದು ಬಿಡು."

"ಸರಿ, ಟೀವೀಲಿ ಗೆಲ್ಲು. ಟೀವೀಲಿ ಮದುವೆನೂ ಆಗು, ಹೋಗು. ನನಗೆ ವಿಧವೆ ಆಗೋಕೆ ಮದುವೆನೇ ಆಗಬೇಕಿಲ್ಲ ಅಂತ ಮೊನ್ನೆ ಬೀದೀಲಿ ಗೊತ್ತಾಯ್ತು. ನಿನ್ನ ಹೊಟ್ಟೆ ಹಿಡ್ಕೊಂಡು ಕೂತಿದ್ದಾಗ, ಈ ಮನುಷ್ಯ ಹೋದ್ರೆ ನಾನು ಯಾರ ಮುಖ ಬೈಕೊಂಡು ಬದುಕಲಿ ಅಂತ ಒಂದೇ ಯೋಚನೆ. ನಾನು ನಿನ್ನ ಪ್ರೀತಿಸ್ತೀನಿ ಕಣೋ. ಒಂದ್ಸಲನೂ ಹೇಳಿರಲಿಲ್ಲ, ಈಗ ಹೇಳಿದೀನಿ. ಇನ್ನೇನು ಬೇಕು ನಿನಗೆ?"

ಅವನು ಹೊಲಿಗೆ ಹಾಕಿದ ತೋಳನ್ನು ಕಷ್ಟದಿಂದ ಎತ್ತಿ ಅವಳ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡ. ಅವನು ಅಳುತ್ತಿದ್ದ, ಕ್ಯಾಮೆರಾದ ಮುಂದೆ ಅಳುವಷ್ಟು ಚಂದವಾಗಿ ಅಲ್ಲ.

ಶೌಕತ್ ಕೂಗಾಡಿದ. ಮೆರವಣಿಗೆಗೆಂದು ಕುದುರೆ, ವಾದ್ಯದವರು, ಹೂವು ಎಲ್ಲ ಗೊತ್ತುಮಾಡಿಯಾಗಿತ್ತು. ಖಲಫ್ ಶರ್ಟು ಎತ್ತಿ ಹೊಲಿಗೆ ತೋರಿಸಿ ಇದ್ದದ್ದು ಇದ್ದಂತೆ ಹೇಳಿದ ಮೇಲೆ ಡೈರೆಕ್ಟರು ಕುರ್ಚಿಗೆ ಕುಸಿದು, ಹಳೆಯ ಕಥೆಯನ್ನೇ ತರಲು ಹೇಳಿದ.

ಮಾರುಕಟ್ಟೆಯ ದೃಶ್ಯ ನಡುಮಧ್ಯಾಹ್ನ ಶೂಟ್ ಆಯಿತು. ಅವನನ್ನು ಸುತ್ತುವರಿದರು. ಕೊಕ್ಕೆ ಬಿತ್ತು, ದೊಣ್ಣೆ ಬಿತ್ತು, ಮೊಣಕಾಲು ಮಡಚಿತು. ಏಟು ಬಿದ್ದ ಮೇಲೆ ಒಂದು ಉಸಿರು ಕಾದು ಅವನು ಕೂಗಿದ ಕೂಗಿಗೆ ಹೊಡೆಯುವ ಪಾತ್ರದವನು ಒಂದು ಹೆಜ್ಜೆ ಹಿಂದೆ ಸರಿದ. ಚಾಕು ಹಾಕಿದರು. ಅವನು ಬಿದ್ದ, ತೆವಳಿದ, ಕ್ಯಾಮೆರಾದ ಹತ್ತಿರಕ್ಕೇ ತೆವಳಿಕೊಂಡು ಬಂದ. ಅಲ್ಲಿ ಅವನು ಹೇಳಬೇಕಾದ ಮಾತು ಬೇರೆ ಇತ್ತು. ಅದನ್ನು ಹೇಳದೆ, ಸೊಹಾಗ್ ಕಡೆಯ ಮಾತಿನಲ್ಲಿ, ಅವನ ಅಪ್ಪ ಸಾಯುವವರೆಗೂ ಬಾಯಿ ಬಿಡದ ಮಾತು ಹೇಳಿದ.

"ಯವ್ವಾ. ಫವ್ವಾಜ್‌ನ ರಕ್ತ ನಮ್ಮ ಮ್ಯಾಲೆ ಐತಿ. ತಪ್ಪು ನಮ್ಮದು. ಇನ್ನ ನಿನ್ನ ಮಗನ ಸಲುವಾಗಿ ಅಳು ಯವ್ವಾ."

ಫವ್ವಾಜ್ ಯಾರೆಂದು ಸೆಟ್ಟಿನಲ್ಲಿ ಯಾರಿಗೂ ತಿಳಿಯಲಿಲ್ಲ. ಶೌಕತ್ ಕಟ್ ಹೇಳಲಿಲ್ಲ. ಕಣ್ಣು ತೆರೆದೇ ಅವನು ಸತ್ತ. ಕ್ಯಾಮೆರಾದ ಹಿಂದೆ ನಿಂತಿದ್ದ ಸಫಿನಾಜ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎಷ್ಟೋ ಸಲ ನೋಡಿದ ಸಾವು, ಆದರೂ ಓಡಿಹೋಗಿ ಅವನ ಎದೆಗೆ ಕಿವಿಯಿಟ್ಟು ಬಡಿತ ಕೇಳಿಸಿಕೊಳ್ಳುವವರೆಗೆ ಅವಳಿಗೆ ಉಸಿರು ಬರಲಿಲ್ಲ.

ಆ ಕಂತು ಬಂದ ಸಂಜೆ ಇಡೀ ಕೈರೋ ಬೈದುಕೊಂಡಿತು. ಹಮಾಲಿಯನ್ನು ಕೊಂದ ಡೈರೆಕ್ಟರನಿಗೆ ಹಿಡಿಶಾಪ ಹಾಕಿದರು. ಈದ್ ಕಳೆದ ಮಾರನೆಯ ದಿನ ಸೊಹಾಗಿನಿಂದ ಫೋನ್ ಬಂತು. ಬದ್ರಾನ್ ಎರಡೇ ಮಾತು ಹೇಳಿದ. ಶೋಕಕ್ಕೆ ಕೂತಿದ್ದೇವೆ, ಬರ್ರಿ.

ಮನೆಯ ಮುಂದೆ ಬಣ್ಣದ ಬಟ್ಟೆಯ ಡೇರೆ ಹಾಕಿತ್ತು. ಊರ ಹಿರಿಯರು ಸಾಲಾಗಿ ಕೂತಿದ್ದರು, ಕುರಾನ್ ಓದುವವನ ದನಿ ಏರಿಳಿಯುತ್ತಿತ್ತು. ಖಲಫ್ ಒಬ್ಬನೇ ಆ ಸಾಲಿನ ಮುಂದೆ ನಡೆದ. ಒಬ್ಬೊಬ್ಬರ ಕೈಯೂ ನಿಲುವಂಗಿಯ ಒಳಗಿತ್ತು, ಯಾವುದು ಹೊರಬರುತ್ತದೋ ಎಂದು ಸಫಿನಾಜ್ ಹೆಂಗಸರ ಕಡೆಯಿಂದ ನೋಡುತ್ತಿದ್ದಳು. ಬದ್ರಾನ್ ಎದ್ದು ಬಂದ. ಜೋತುಬಿದ್ದ ಹೆಗಲು, ಇನ್ನೊಂದು ಕೈಯಲ್ಲಿ ಸಕ್ಕರೆಯಿಲ್ಲದ ಕಾಫಿಯ ಸಣ್ಣ ಬಟ್ಟಲು. ಕಣ್ಣು ಕಣ್ಣು ಕೂಡಿಸದೆ ಅದನ್ನು ಕೊಟ್ಟ. ಖಲಫ್ ನಿಂತೇ ಕುಡಿದ. ಕಹಿಗೆ ಮುಖ ಕಿವುಚಲಿಲ್ಲ.

ಆಮೇಲೆ ಅಜ್ಜಿ ಅವನನ್ನು ಒಳಗೆ ಕರೆಸಿದಳು. ಅವಳ ಕಣ್ಣು ಅತ್ತು ಅತ್ತು ಮುಚ್ಚಿಹೋಗಿತ್ತು, ಇಷ್ಟು ವರ್ಷದ ಅಳು ಮೂರು ದಿನದಲ್ಲಿ ಬಂದಿತ್ತು. ಒಣಗಿದ ಬೆರಳುಗಳಿಂದ ಅವನ ಮುಖ ಸವರಿದಳು, ಹುಬ್ಬು, ಮೂಗು, ಗದ್ದ. ಬೆರಳು ಕೊರಳಿನ ಬಳಿ ಬಂದು ಒಂದು ಗಳಿಗೆ ನಿಂತಾಗ ಸಫಿನಾಜ್ ಎದ್ದು ನಿಂತಳು. ಅಜ್ಜಿ ಕೈ ತೆಗೆದಳು.

"ಚಲೋ ಸತ್ತೀ," ಎಂದಳು. ಸಫಿನಾಜಳ ಕಡೆ ತಿರುಗಿ, "ಇವನ್ನ ಮನೀಗೆ ಕರಕೊಂಡು ಹೋಗವ್ವಾ. ಇನ್ನೊಮ್ಮೆ ಈ ಕಡೆ ತರಬ್ಯಾಡ," ಎಂದಳು.

ವಾಪಸು ಬರುವ ರೈಲಿನಲ್ಲಿ ಅವನು ಕಿಟಕಿಯ ಪಕ್ಕ, ಅವಳು ಅವನ ಪಕ್ಕ. ಕಬ್ಬಿನ ಗದ್ದೆಗಳು ಹಿಂದೆ ಹೋಗುತ್ತಿದ್ದವು. ಎದುರಿನ ಸೀಟಿನ ಕುಟುಂಬದವರು ಸತ್ತ ಹಮಾಲಿಯನ್ನು ಗುರುತಿಸಿ, ಗುಸುಗುಸು ಮಾತಾಡಿ, ಒಂದು ಕಿತ್ತಳೆ ಸುಲಿದು ಕೊಟ್ಟರು. ಅವನು ಅರ್ಧ ಅವಳಿಗೆ ಕೊಟ್ಟ. ಆಮೇಲೆ, ಶೌಕತ್ ಆಗಲೇ ಮುಂದಿನ ವರ್ಷದ ಕಥೆ ಹೇಳಿದ್ದಾನೆ ಎಂದ.

"ಅದರಲ್ಲೂ ಸಾಯೋ ಪಾತ್ರನೇ. ಜನ ನಾನು ಸಾಯೋದನ್ನೇ ಕೇಳ್ತಾರಂತೆ. ಏನ್ ಹೇಳಲಿ?"

ಸಫಿನಾಜ್ ಅವನ ಹೆಗಲಿಗೆ ತಲೆಯಿಟ್ಟಳು. ಹೊಲಿಗೆ ಇಲ್ಲದ ಕಡೆ ನೋಡಿಕೊಂಡೇ ಇಟ್ಟಳು.

"ಸಾಯಿ. ಸಂಜೆ ಊಟಕ್ಕೆ ಮಾತ್ರ ಮನೆಗೆ ಬಾ."